ರಕ್ತ ನಿಲ್ಲಿಸುವ ಮೊದಲ ಕೈ: ರಣರಂಗದ ವೈದ್ಯರು ಕಂಡುಕೊಂಡದ್ದು, ನಾವು ಕಲಿಯಬೇಕಾದ್ದು

ಬೆಳೆದ ಮನುಷ್ಯನ ಮೈಯಲ್ಲಿರುವ ರಕ್ತ ಸುಮಾರು 5 ಲೀಟರ್. ಮುಕ್ಕಾಲು ಲೀಟರ್ ಹೋದರೆ ದೇಹ ಹೇಗೋ ಸಂಭಾಳಿಸಿಕೊಳ್ಳುತ್ತದೆ. ಒಂದೂವರೆ ಲೀಟರ್ ದಾಟಿತೆಂದರೆ ನಾಡಿ ಓಡತೊಡಗುತ್ತದೆ, ಮೈ ತಣ್ಣಗಾಗಿ ಬೆವರುತ್ತದೆ, ಮಾತು ತಡವರಿಸುತ್ತದೆ. ಎರಡು ಲೀಟರ್ ಹೋದ ಮೇಲೆ ಪ್ರಾಣಕ್ಕೇ ಸಂಚಕಾರ. ತೊಡೆಯ ದೊಡ್ಡ ಅಪಧಮನಿ ಪೂರ್ತಿ ತುಂಡಾದರೆ ಅಷ್ಟು ರಕ್ತ ಹರಿದುಹೋಗಲು ಕೆಲವೇ ನಿಮಿಷ ಸಾಕು. ಅಷ್ಟು ಬೇಗ ಆಂಬುಲೆನ್ಸ್ ಬರುವುದು ದೊಡ್ಡ ನಗರದಲ್ಲೇ ಕಷ್ಟ. ಘಾಟಿ ರಸ್ತೆಯಲ್ಲಿ, ಹೊಲದ ಬದುವಿನಲ್ಲಿ ಕೇಳುವುದೇ ಬೇಡ.

ಹಾಗಾದರೆ ಆ ಕೆಲವು ನಿಮಿಷ ಯಾರ ಕೈಯಲ್ಲಿವೆ? ಪಕ್ಕದಲ್ಲಿ ನಿಂತವರ ಕೈಯಲ್ಲಿ. ಸೇನಾ ವೈದ್ಯರು ಇರಾಕ್, ಅಫ್ಘಾನಿಸ್ತಾನಗಳ ಯುದ್ಧದಲ್ಲಿ ಎರಡು ದಶಕ ನಡೆಸಿದ ಅಧ್ಯಯನಗಳ ಸಾರ ಇಷ್ಟೇ. ಶಸ್ತ್ರಚಿಕಿತ್ಸಕ ಎಷ್ಟೇ ನಿಪುಣನಾಗಿರಲಿ, ಗಾಯಾಳು ಜೀವಂತವಾಗಿ ಅವನ ಟೇಬಲ್ ತಲುಪಿದರೆ ಮಾತ್ರ ಆ ನೈಪುಣ್ಯಕ್ಕೆ ಬೆಲೆ. ಅಲ್ಲಿಯವರೆಗೆ ಜೀವ ಹಿಡಿದಿಡುವ ಕೆಲಸವನ್ನು ವೈದ್ಯರಲ್ಲದವರೂ ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಭಾರತದ ರಸ್ತೆಗಳಲ್ಲಿ 2022ರ ಒಂದೇ ವರ್ಷದಲ್ಲಿ 1,68,491 ಮಂದಿ ಸತ್ತಿದ್ದಾರೆ. ರಸ್ತೆ ಅಪಘಾತದ ಜೊತೆಗೆ ಗರಗಸ, ಮೇವು ಕತ್ತರಿಸುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಒಡೆದ ಗಾಜು ಎಲ್ಲವೂ ನಮ್ಮ ನಿತ್ಯದ ಬದುಕಿನಲ್ಲಿವೆ. ಸೈನಿಕರ ಪ್ರಾಣ ತೆತ್ತು ಕಲಿತ ಈ ವಿದ್ಯೆ ನಮ್ಮ ಮನೆಮನೆಗೂ ಬೇಕಾದದ್ದು.

ಸಾವುಗಳ ಲೆಕ್ಕ ಕಲಿಸಿದ ಪಾಠ

2001ರಿಂದ 2011ರವರೆಗೆ ಯುದ್ಧಗಾಯದಿಂದ ಸತ್ತ ಅಮೆರಿಕದ 4,596 ಸೈನಿಕರ ಶವಪರೀಕ್ಷೆ ವರದಿಗಳನ್ನೂ ದಾಖಲೆಗಳನ್ನೂ ಅಲ್ಲಿನ ಸೇನಾ ವೈದ್ಯರ ತಂಡವೊಂದು ಒಂದೊಂದಾಗಿ ಪರಿಶೀಲಿಸಿತು. ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಸತ್ತವರಲ್ಲಿ ಶೇ 87ರಷ್ಟು ಮಂದಿ ಆಸ್ಪತ್ರೆಯ ಮುಖವನ್ನೇ ಕಂಡಿರಲಿಲ್ಲ. ಅವರಲ್ಲಿ ಸುಮಾರು ಕಾಲು ಭಾಗದವರ ಗಾಯ ಬದುಕಿಸಬಹುದಾದ ಗಾಯವೇ ಆಗಿತ್ತು. ಹಾಗೆ ಬದುಕಿಸಬಹುದಾಗಿದ್ದವರ ಪೈಕಿ ಶೇ 90ಕ್ಕೂ ಹೆಚ್ಚು ಮಂದಿ ಸತ್ತದ್ದು ಒಂದೇ ಕಾರಣಕ್ಕೆ: ರಕ್ತಸ್ರಾವ.

ರಕ್ತ ಎಲ್ಲಿಂದ ಹೋಯಿತು ಎಂಬುದನ್ನೂ ಆ ತಂಡ ವಿಂಗಡಿಸಿತು. ಮೂರರಲ್ಲಿ ಎರಡು ಪಾಲು ಎದೆ ಮತ್ತು ಹೊಟ್ಟೆಯ ಒಳಗೆ. ಐದನೇ ಒಂದು ಪಾಲು ಕುತ್ತಿಗೆ, ಕಂಕುಳು, ತೊಡೆಸಂದುಗಳಂಥ ಸಂಧಿಸ್ಥಾನಗಳಲ್ಲಿ. ಉಳಿದದ್ದು ಕೈಕಾಲುಗಳಲ್ಲಿ. ಈ ಮೂರು ವಿಂಗಡಣೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಏನು ಮಾಡಬೇಕು ಎಂಬುದು ಇದರ ಮೇಲೆಯೇ ನಿಂತಿದೆ. ಕೈಕಾಲಿಗೆ ಕಟ್ಟು ಬಿಗಿಯಬಹುದು. ಸಂಧಿಸ್ಥಾನದಲ್ಲಿ ಕಟ್ಟಲು ಜಾಗವಿಲ್ಲ, ಅಲ್ಲಿ ಗಾಯದೊಳಗೆ ಬಟ್ಟೆ ತುಂಬಿ ಒತ್ತಬೇಕು. ಎದೆ, ಹೊಟ್ಟೆಯೊಳಗಿನ ರಕ್ತಸ್ರಾವವನ್ನು ಹೊರಗಿನಿಂದ ನಿಲ್ಲಿಸಲಾಗದು. ಅಲ್ಲಿ ಆಸ್ಪತ್ರೆಗೆ ಬೇಗ ಸಾಗಿಸುವುದೇ ಚಿಕಿತ್ಸೆ.

ಇದೇ ಸೇನೆಯ 75ನೇ ರೇಂಜರ್ ರೆಜಿಮೆಂಟ್ ಮಾತ್ರ ಬೇರೆಯದೇ ಫಲಿತಾಂಶ ತೋರಿಸಿತು. 1996ರಲ್ಲಿ ಫ್ರಾಂಕ್ ಬಟ್ಲರ್ ಎಂಬ ನೌಕಾಪಡೆಯ ವೈದ್ಯ ಮತ್ತು ಅವರ ಸಹೋದ್ಯೋಗಿಗಳು ಯುದ್ಧರಂಗದ ಪ್ರಥಮ ಚಿಕಿತ್ಸೆಗೆ ಹೊಸ ನಿಯಮಾವಳಿ ಬರೆದಿದ್ದರು. ಮೊದಲು ರಕ್ತ ನಿಲ್ಲಿಸು, ಉಳಿದದ್ದು ಆಮೇಲೆ ಎಂಬುದು ಅದರ ತಿರುಳು. ಈ ರೆಜಿಮೆಂಟ್ ಅದನ್ನು ವೈದ್ಯಕೀಯ ಸಿಬ್ಬಂದಿಗಷ್ಟೇ ಬಿಡದೆ ಅಡುಗೆಯವನಿಂದ ಕಮಾಂಡರ್‌ವರೆಗೆ ಎಲ್ಲರಿಗೂ ಕಲಿಸಿತು. 2011ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಆ ರೆಜಿಮೆಂಟಿನ 419 ಗಾಯಾಳುಗಳಲ್ಲಿ 32 ಮಂದಿ ಸತ್ತರು. ಆದರೆ ರಣರಂಗದಲ್ಲೇ ತಡೆಯಬಹುದಾಗಿದ್ದ ಕಾರಣಕ್ಕೆ ಸತ್ತವರು ಅವರಲ್ಲಿ ಒಬ್ಬರೂ ಇರಲಿಲ್ಲ. ಹೊಸ ಔಷಧಿಯಾಗಲಿ ದುಬಾರಿ ಯಂತ್ರವಾಗಲಿ ಇದನ್ನು ಸಾಧಿಸಲಿಲ್ಲ. ಎಲ್ಲರಿಗೂ ಕಲಿಸಿದ್ದರಿಂದ ಇದು ಸಾಧ್ಯವಾಯಿತು.

ಟೂರ್ನಿಕೆಟ್‌ಗೆ ಮರಳಿ ಬಂದ ಮಾನ

ಕೈಕಾಲಿನ ಗಾಯಕ್ಕಿಂತ ಮೇಲೆ ಅಗಲವಾದ ಪಟ್ಟಿ ಸುತ್ತಿ, ಅದಕ್ಕೆ ಕೋಲು ಸೇರಿಸಿ ತಿರುಗಿಸಿ, ರಕ್ತ ಹರಿಯದಂತೆ ಬಿಗಿಯುವ ಸಾಧನವೇ ಟೂರ್ನಿಕೆಟ್. ಫ್ರಾನ್ಸಿನ ಶಸ್ತ್ರಚಿಕಿತ್ಸಕ ಜಾನ್ ಲೂಯಿ ಪೆಟಿ 1718ರಲ್ಲೇ ತಿರುಪು ಹಾಕಿ ಬಿಗಿಯುವ ಮಾದರಿ ತೋರಿಸಿದ್ದರು. ಆದರೆ ಇಪ್ಪತ್ತನೇ ಶತಮಾನದ ಬಹುಪಾಲು ಇದಕ್ಕೆ ಕೆಟ್ಟ ಹೆಸರೇ ಇತ್ತು. ಕಟ್ಟಿದರೆ ಕಾಲು ಕೊಳೆತು ಕತ್ತರಿಸಬೇಕಾಗುತ್ತದೆ ಎಂಬ ಭಯದಿಂದ, ಇದು ಕಟ್ಟಕಡೆಯ ಉಪಾಯ ಎಂದು ಪ್ರಥಮ ಚಿಕಿತ್ಸೆಯ ಪುಸ್ತಕಗಳು ಹೇಳುತ್ತಿದ್ದವು. ಆ ಭಯಕ್ಕೆ ಕಾರಣವೂ ಇತ್ತು. ಆಗ ಗಾಯಾಳು ಆಸ್ಪತ್ರೆ ಸೇರಲು ಎಷ್ಟೋ ಹೊತ್ತು ಹಿಡಿಯುತ್ತಿತ್ತು, ಕಟ್ಟು ಅಷ್ಟೂ ಹೊತ್ತು ಹಾಗೇ ಇರುತ್ತಿತ್ತು.

ಈ ನಂಬಿಕೆಯನ್ನು ಅಲುಗಾಡಿಸಿದ್ದು ಮೂಳೆ ಶಸ್ತ್ರಚಿಕಿತ್ಸಕ ಜಾನ್ ಕ್ರ್ಯಾಗ್ ಬಾಗ್ದಾದಿನ ಸೇನಾ ಆಸ್ಪತ್ರೆಯಲ್ಲಿ 2006ರಲ್ಲಿ ಮಾಡಿದ ಅಧ್ಯಯನ. 232 ಗಾಯಾಳುಗಳ 309 ಕೈಕಾಲುಗಳಿಗೆ ಕಟ್ಟಿದ್ದ 428 ಟೂರ್ನಿಕೆಟ್‌ಗಳ ಲೆಕ್ಕವನ್ನು ಅವರು ಇಟ್ಟರು. ಟೂರ್ನಿಕೆಟ್ ಕಟ್ಟಿದ್ದರಿಂದಲೇ ಕೈ ಅಥವಾ ಕಾಲು ಕಳೆದುಕೊಂಡವರು ಒಬ್ಬರೂ ಸಿಗಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಸಮಯದ ಲೆಕ್ಕ. ರಕ್ತ ಹೋಗಿ ಆಘಾತಕ್ಕೆ (ಶಾಕ್) ಜಾರುವ ಮೊದಲೇ ಕಟ್ಟಿಸಿಕೊಂಡವರಲ್ಲಿ ಶೇ 90ರಷ್ಟು ಮಂದಿ ಬದುಕಿದರು. ಆಘಾತಕ್ಕೆ ಜಾರಿದ ಮೇಲೆ ಕಟ್ಟಿಸಿಕೊಂಡವರಲ್ಲಿ ಉಳಿದದ್ದು ಶೇ 10 ಮಾತ್ರ. ಸಾಧನ ಅದೇ, ಗಾಯವೂ ಅಂಥದೇ. ವ್ಯತ್ಯಾಸವೆಲ್ಲ ಯಾವಾಗ ಕಟ್ಟಿದರು ಎಂಬುದರಲ್ಲಿತ್ತು. ಟೂರ್ನಿಕೆಟ್ ಪ್ರತಿ ಸೈನಿಕನ ಕಿಸೆಗೆ ಬಂದ ಮೇಲೆ ಅಮೆರಿಕದ ಸೇನೆಯಲ್ಲಿ ಕೈಕಾಲಿನ ರಕ್ತಸ್ರಾವದ ಸಾವುಗಳು ಶೇ 85ರಷ್ಟು ಇಳಿದವು.

2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನ ಕೊನೆಯ ಗೆರೆಯ ಬಳಿ ಬಾಂಬ್‌ಗಳು ಸಿಡಿದಾಗ ಈ ಪಾಠ ನಾಗರಿಕರ ನಡುವೆ ಪರೀಕ್ಷೆಗೆ ಬಂತು. ಸ್ಫೋಟಗೊಂಡದ್ದು ನೆಲಮಟ್ಟದಲ್ಲಿ, ಹಾಗಾಗಿ ಬಹುತೇಕರಿಗೆ ಕಾಲಿನ ಗಾಯ. ಅಲ್ಲಿದ್ದವರು ಕೈಗೆ ಸಿಕ್ಕಿದ್ದರಲ್ಲೇ ಕಟ್ಟು ಬಿಗಿದರು. ನಂತರದ ಅಧ್ಯಯನ ಸ್ಥಳದಲ್ಲೇ ಕಟ್ಟಿದ 27 ಟೂರ್ನಿಕೆಟ್‌ಗಳನ್ನು ಗುರುತಿಸಿತು. ಎಲ್ಲವೂ ಆ ಕ್ಷಣಕ್ಕೆ ಹೊಂದಿಸಿಕೊಂಡವು. ಮೂವರು ಸ್ಥಳದಲ್ಲೇ ಸತ್ತರು, ಆದರೆ ಆಸ್ಪತ್ರೆ ತಲುಪಿದವರೆಲ್ಲರೂ ಬದುಕಿದರು. ಹೀಗೆ ಹೊಂದಿಸಿದ ಕಟ್ಟುಗಳು ಹಲವು ಬಾರಿ ಸಾಕಷ್ಟು ಬಿಗಿಯಾಗಿರುವುದಿಲ್ಲ, ಸರಿಯಾದ ಸಾಧನ ಹತ್ತಿರ ಇರಬೇಕು ಎಂದು ಅಧ್ಯಯನ ಮಾಡಿದ ವೈದ್ಯರು ಒತ್ತಿ ಹೇಳಿದರು. ಎರಡು ವರ್ಷದ ಬಳಿಕ, 2015ರ ಅಕ್ಟೋಬರಿನಲ್ಲಿ, ಜನಸಾಮಾನ್ಯರಿಗೆ ರಕ್ತ ನಿಲ್ಲಿಸುವುದನ್ನು ಕಲಿಸುವ 'ಸ್ಟಾಪ್ ದ ಬ್ಲೀಡ್' ಆಂದೋಲನ ಅಮೆರಿಕದಲ್ಲಿ ಶುರುವಾಯಿತು.

ಆಸ್ಪತ್ರೆಯ ಒಳಗೆ ಬದಲಾದದ್ದು

ಆಸ್ಪತ್ರೆಯ ಚಿಕಿತ್ಸೆಯೂ ಇದೇ ಅವಧಿಯಲ್ಲಿ ತಲೆಕೆಳಗಾಯಿತು. ಇದನ್ನು ತಿಳಿದಿರುವುದು ಗಾಯಾಳುವಿನ ಮನೆಯವರಿಗೂ ಒಳ್ಳೆಯದು.

ಮೊದಲೆಲ್ಲ ರಕ್ತ ಹೋದವರಿಗೆ ಬಾಟಲಿಗಟ್ಟಲೆ ಸಲೈನ್ ಏರಿಸಿ ರಕ್ತದೊತ್ತಡ ಮೇಲಕ್ಕೆ ತರುವುದೇ ಪದ್ಧತಿ. ರಕ್ತ ಸೋರುತ್ತಿರುವಾಗ ಇದು ತೂತು ಕೊಡಕ್ಕೆ ನೀರು ಹೊಯ್ದಂತೆ. ಒತ್ತಡ ಏರಿದೊಡನೆ ಆಗಷ್ಟೇ ಕಟ್ಟಿಕೊಂಡ ಹೆಪ್ಪು ಕಿತ್ತುಹೋಗುತ್ತದೆ, ಉಳಿದ ರಕ್ತವೂ ತೆಳುವಾಗಿ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. 1994ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಎದೆ, ಹೊಟ್ಟೆಗೆ ಗುಂಡೇಟು ಅಥವಾ ಇರಿತವಾದ 598 ಮಂದಿಯ ಅಧ್ಯಯನ ಪ್ರಕಟವಾಯಿತು. ಕೂಡಲೇ ಸಲೈನ್ ಕೊಟ್ಟವರಲ್ಲಿ ಶೇ 62 ಮಂದಿ ಬದುಕಿದರೆ, ಆಪರೇಷನ್ ಶುರುವಾಗುವವರೆಗೆ ತಡೆಹಿಡಿದವರಲ್ಲಿ ಶೇ 70 ಮಂದಿ ಬದುಕಿದರು. 2007ರಲ್ಲಿ ಬಾಗ್ದಾದಿನಿಂದ ಬಂದ ವರದಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಭಾರಿ ಪ್ರಮಾಣದಲ್ಲಿ ರಕ್ತ ಪಡೆದ 246 ಗಾಯಾಳುಗಳಲ್ಲಿ, ಕೆಂಪು ರಕ್ತಕಣಗಳ ಜೊತೆ ಪ್ಲಾಸ್ಮಾ ತೀರಾ ಕಡಿಮೆ ಪಡೆದವರಲ್ಲಿ ಶೇ 65 ಮಂದಿ ಸತ್ತಿದ್ದರು. ಹೆಚ್ಚುಕಡಿಮೆ ಸರಿಸಮವಾಗಿ ಪಡೆದವರಲ್ಲಿ ಶೇ 19. ಈಗ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ ಸಮಪ್ರಮಾಣದಲ್ಲಿ ಕೊಡುವತ್ತ, ಸಾಧ್ಯವಿದ್ದಲ್ಲಿ ಬೇರ್ಪಡಿಸದ ಪೂರ್ಣ ರಕ್ತವನ್ನೇ ಕೊಡುವತ್ತ ವೈದ್ಯಲೋಕ ಹೊರಳಿದೆ.

ಎರಡನೆಯದು ಶಸ್ತ್ರಚಿಕಿತ್ಸೆಯ ಕ್ರಮ. ವಿಪರೀತ ರಕ್ತ ಹೋದವರ ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಹೆಪ್ಪುಗಟ್ಟುವುದು ನಿಲ್ಲುತ್ತದೆ. ಒಂದು ಇನ್ನೊಂದನ್ನು ಕೆಡಿಸುತ್ತ ಹೋಗುವ ಈ ಮೂರನ್ನು ಶಸ್ತ್ರಚಿಕಿತ್ಸಕರು ಸಾವಿನ ತ್ರಿಕೋನ ಎನ್ನುತ್ತಾರೆ. ಅಂಥವರನ್ನು ಗಂಟೆಗಟ್ಟಲೆ ಟೇಬಲ್ ಮೇಲಿಟ್ಟು ಎಲ್ಲವನ್ನೂ ಒಂದೇ ಸಲ ಸರಿಪಡಿಸಹೊರಟರೆ ಜೀವ ಉಳಿಯದು. ಆದ್ದರಿಂದ ಮೊದಲ ಆಪರೇಷನ್‌ನಲ್ಲಿ ರಕ್ತ ನಿಲ್ಲಿಸಿ, ಸೋರಿಕೆ ತಡೆದು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಐಸಿಯುಗೆ ಒಯ್ಯುತ್ತಾರೆ. ಮೈ ಬೆಚ್ಚಗಾಗಿ ರಕ್ತ ಸರಿಹೋದ ಮೇಲೆ, ಒಂದೆರಡು ದಿನ ಬಿಟ್ಟು, ಉಳಿದ ಕೆಲಸ ಮಾಡುತ್ತಾರೆ. ಫಿಲಡೆಲ್ಫಿಯಾದ ಶಸ್ತ್ರಚಿಕಿತ್ಸಕರು 1993ರಲ್ಲಿ ಈ ಕ್ರಮವನ್ನು ವಿವರಿಸಿದರು. ನಿಮ್ಮವರ ಹೊಟ್ಟೆಯನ್ನು ಪೂರ್ತಿ ಹೊಲಿಯದೆ ಹೊರಗೆ ತಂದರೆ ಅದು ಅರ್ಧಕ್ಕೆ ಬಿಟ್ಟ ಕೆಲಸವಲ್ಲ, ಜೀವ ಉಳಿಸಲು ಬೇಕೆಂದೇ ಹಾಗೆ ಮಾಡಿರುತ್ತಾರೆ.

ಮೂರನೆಯದು ಒಂದು ಅಗ್ಗದ ಔಷಧಿ: ಟ್ರಾನೆಕ್ಸಾಮಿಕ್ ಆಸಿಡ್. ಕಟ್ಟಿಕೊಂಡ ಹೆಪ್ಪು ಕರಗದಂತೆ ನೋಡಿಕೊಳ್ಳುವುದು ಇದರ ಕೆಲಸ. ಜಪಾನಿನ ಊತಾಕೋ ಒಕಮೋತೋ ಮತ್ತು ಶೋಸುಕೆ ಒಕಮೋತೋ ದಂಪತಿ 1962ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಊತಾಕೋ ಅವರ ಹಂಬಲವಾಗಿತ್ತು. 2010ರಲ್ಲಿ, ಭಾರತವೂ ಸೇರಿ 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ನಡೆದ 'ಕ್ರ್ಯಾಶ್-2' ಅಧ್ಯಯನ ಇದರಿಂದ ಸಾವು ಕಡಿಮೆಯಾಗುವುದನ್ನು ಸಾಬೀತುಪಡಿಸಿತು. ಗಾಯವಾದ ಒಂದು ಗಂಟೆಯೊಳಗೆ ಕೊಟ್ಟರೆ ಲಾಭ ಅತಿ ಹೆಚ್ಚು. ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ಉಪಯೋಗವಿಲ್ಲ, ಹಾನಿಯೇ ಆಗಬಹುದು. ಊತಾಕೋ ಅವರ ಹಂಬಲವೂ ಕೈಗೂಡಿತು: 2017ರಲ್ಲಿ 21 ದೇಶಗಳ 20,060 ತಾಯಂದಿರ ಅಧ್ಯಯನ ಹೆರಿಗೆಯ ರಕ್ತಸ್ರಾವದಲ್ಲೂ ಇದು ಜೀವ ಉಳಿಸುತ್ತದೆಂದು ತೋರಿಸಿತು.

ಇದರಿಂದ ಮನೆಯವರು ಕಲಿಯಬೇಕಾದದ್ದು ಎರಡು. ಗಾಯವಾದದ್ದು ಎಷ್ಟು ಗಂಟೆಗೆ ಎಂದು ವೈದ್ಯರಿಗೆ ಸರಿಯಾಗಿ ಹೇಳಿ. ಗಾಯಾಳು ಹೃದಯದ ತೊಂದರೆಗೋ ಪಾರ್ಶ್ವವಾಯುವಿಗೋ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಪ್ಪದೆ ಹೇಳಿ, ಮಾತ್ರೆಯ ಚೀಟಿ ಇದ್ದರೆ ತೋರಿಸಿ.

ಕಣ್ಣೆದುರೇ ಆದಾಗ: ಹೆಜ್ಜೆ ಹೆಜ್ಜೆಯಾಗಿ

ರಕ್ತ ಕಂಡೊಡನೆ ಎದೆ ನಡುಗುವುದು ಸಹಜ. ಎಲ್ಲ ರಕ್ತವೂ ಪ್ರಾಣಾಪಾಯದ್ದಲ್ಲ. ಈ ಲಕ್ಷಣಗಳಲ್ಲಿ ಒಂದಿದ್ದರೂ ಅದು ಜೀವ ತೆಗೆಯುವ ರಕ್ತಸ್ರಾವ: ರಕ್ತ ಚಿಮ್ಮುತ್ತಿದೆ, ನಿಲ್ಲದೆ ಹರಿಯುತ್ತಿದೆ, ನೆಲದ ಮೇಲೆ ಮಡುಗಟ್ಟುತ್ತಿದೆ, ಬಟ್ಟೆ ಅಥವಾ ಬ್ಯಾಂಡೇಜ್ ತೊಯ್ದು ತೊಟ್ಟಿಕ್ಕುತ್ತಿದೆ, ಕೈ ಅಥವಾ ಕಾಲು ತುಂಡಾಗಿದೆ, ಗಾಯಾಳು ಗೊಂದಲದಲ್ಲಿ ಏನೇನೋ ಮಾತಾಡುತ್ತಿದ್ದಾನೆ ಅಥವಾ ಮಂಪರಿಗೆ ಜಾರುತ್ತಿದ್ದಾನೆ.

1. ಮೊದಲು ನಿಮ್ಮ ಸುರಕ್ಷತೆ. ರಸ್ತೆಯಾದರೆ ವಾಹನಗಳನ್ನು ನಿಲ್ಲಿಸಲು ಯಾರನ್ನಾದರೂ ಕಳಿಸಿ. ಯಂತ್ರವಾದರೆ ಕರೆಂಟ್ ತೆಗೆಯಿರಿ. ಗ್ಲೌಸ್ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ.

2. 108 ಅಥವಾ 112ಕ್ಕೆ ಕರೆ ಮಾಡಿಸಿ. "ಯಾರಾದರೂ ಫೋನ್ ಮಾಡಿ" ಎಂದು ಗುಂಪಿಗೆ ಕೂಗಿದರೆ ಯಾರೂ ಮಾಡುವುದಿಲ್ಲ. "ನೀಲಿ ಅಂಗಿಯವರೇ, ನೀವು 108ಕ್ಕೆ ಫೋನ್ ಮಾಡಿ, ಜಾಗ ಹೇಳಿ" ಎಂದು ಒಬ್ಬರಿಗೇ ಹೇಳಿ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು ಕೆಲಸ ಮುಂದುವರಿಸಿ.

3. ಗಾಯವನ್ನು ಕಣ್ಣಾರೆ ನೋಡಿ. ಬಟ್ಟೆ ಕತ್ತರಿಸಿ ಅಥವಾ ಹರಿದು ರಕ್ತ ಬರುತ್ತಿರುವ ಜಾಗ ಹುಡುಕಿ. ಕಪ್ಪು ಪ್ಯಾಂಟಿನೊಳಗೆ, ದಪ್ಪ ಸೀರೆಯ ಮಡಿಕೆಯೊಳಗೆ, ಮಳೆಗಾಲದ ಜರ್ಕಿನ್ನಿನೊಳಗೆ ಎಷ್ಟು ರಕ್ತ ಹೋಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಮೈ ಕೆಳಗೆ, ಬೆನ್ನ ಹಿಂದೆ ಕೈ ಆಡಿಸಿ ನೋಡಿ.

4. ಒತ್ತಿ. ಗಾಯಾಳುವನ್ನು ಗಟ್ಟಿ ನೆಲದ ಮೇಲೆ ಮಲಗಿಸಿ. ಟವೆಲ್, ಪಂಚೆ, ದುಪಟ್ಟಾ, ಯಾವುದು ಚೊಕ್ಕಟವಾಗಿದೆಯೋ ಅದನ್ನು ಗಾಯದ ಮೇಲಿಟ್ಟು ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಮಡಿಸದೆ, ನಿಮ್ಮ ಮೈಭಾರವನ್ನೆಲ್ಲ ಬಿಟ್ಟು ಒತ್ತಿ. ಬೆರಳ ತುದಿಯಲ್ಲಿ ಮೆಲ್ಲಗೆ ಹಿಡಿದರೆ ಸಾಲದು. ನೋವಾಗುತ್ತದೆ, ಗಾಯಾಳು ಕೂಗುತ್ತಾನೆ, ಕೈ ಸಡಿಲಿಸಬೇಡಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ, ಎತ್ತಿದಾಗಲೆಲ್ಲ ಕಟ್ಟಿಕೊಳ್ಳುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ. ಕನಿಷ್ಠ ಹತ್ತು ನಿಮಿಷ, ಅಥವಾ ಸಹಾಯ ಬರುವವರೆಗೆ.

5. ಗಾಯ ಆಳವಾಗಿದ್ದರೆ ತುಂಬಿ. ತೊಡೆಸಂದು, ಕಂಕುಳು, ಭುಜದ ಬುಡಗಳಲ್ಲಿ ಮೇಲಿನಿಂದ ಒತ್ತಿದರೆ ಒಳಗಿನ ರಕ್ತನಾಳಕ್ಕೆ ಒತ್ತಡ ಮುಟ್ಟುವುದಿಲ್ಲ. ಗಾಜ್ ಅಥವಾ ತೆಳು ಬಟ್ಟೆಯ ತುದಿಯನ್ನು ಬೆರಳಿನಿಂದ ಗಾಯದ ತಳದವರೆಗೆ, ರಕ್ತ ಉಕ್ಕುತ್ತಿರುವ ಜಾಗಕ್ಕೇ ತಳ್ಳಿ. ಆ ಬೆರಳು ತೆಗೆಯುವ ಮೊದಲೇ ಇನ್ನೊಂದು ಬೆರಳಿನಿಂದ ಮುಂದಿನ ಮಡಿಕೆ ತುಂಬಿ. ಗಾಯ ಬಾಯಿವರೆಗೆ ತುಂಬಿದ ಮೇಲೆ ಉಳಿದ ಬಟ್ಟೆಯನ್ನು ಉಂಡೆ ಮಾಡಿ ಮೇಲಿಟ್ಟು, ಹಿಂದೆ ಹೇಳಿದಂತೆ ಒತ್ತಿ. ಕುತ್ತಿಗೆಯ ಗಾಯವನ್ನು ಒತ್ತಿ ಹಿಡಿಯಬಹುದು, ಆದರೆ ಕುತ್ತಿಗೆಯ ಸುತ್ತ ಏನನ್ನೂ ಬಿಗಿಯಬಾರದು. ಎದೆ, ಹೊಟ್ಟೆಯ ಗಾಯದೊಳಗೆ ಏನನ್ನೂ ತುರುಕಬಾರದು.

ರಕ್ತ ಬೇಗ ಹೆಪ್ಪುಗಟ್ಟಿಸುವ ವಿಶೇಷ ಗಾಜ್‌ಗಳೂ ಬಂದಿವೆ. ಕೆಲವಕ್ಕೆ ಕಯೋಲಿನ್ ಎಂಬ ಬಿಳಿ ಜೇಡಿ ಸೇರಿಸಿರುತ್ತಾರೆ. ಕೆಲವನ್ನು ಸಿಗಡಿಯಂಥ ಜೀವಿಗಳ ಚಿಪ್ಪಿನಿಂದ ತೆಗೆದ ಚಿಟೋಸಾನ್‌ನಿಂದ ಮಾಡುತ್ತಾರೆ. ಭಾರತದಲ್ಲೇ ತಯಾರಾಗುವ ಆಕ್ಸಿಯೋಸ್ಟಾಟ್ ಈ ಎರಡನೆಯ ಬಗೆಯದು. ಇವನ್ನು ಬಳಸಿದರೂ ಕನಿಷ್ಠ ಮೂರು ನಿಮಿಷ ಗಟ್ಟಿಯಾಗಿ ಒತ್ತಲೇಬೇಕು.

ಟೂರ್ನಿಕೆಟ್ ಕಟ್ಟುವುದು ಹೇಗೆ

ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ, ಒತ್ತಿದರೂ ನಿಲ್ಲದಿದ್ದರೆ, ಅಂಗ ತುಂಡಾಗಿದ್ದರೆ ಟೂರ್ನಿಕೆಟ್ ಕಟ್ಟಿ. ತಡ ಮಾಡಬೇಡಿ.

• ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಅಂದರೆ ಮೈಯ ಕಡೆಗೆ, ಕಟ್ಟಿ. ಮೊಣಕಾಲು, ಮೊಣಕೈ ಕೀಲಿನ ಮೇಲೆ ಬೇಡ. ಕೀಲಿಗಿಂತ ಮೇಲೆ ಕಟ್ಟಿ. ಗಾಯ ಎಲ್ಲಿದೆಯೆಂದು ತಿಳಿಯದಿದ್ದರೆ ತೊಡೆಯ ಅಥವಾ ತೋಳಿನ ಬುಡದಲ್ಲೇ ಕಟ್ಟಿ.
• ಬಟ್ಟೆಯ ಮೇಲೆಯೇ ಕಟ್ಟಬಹುದು. ಜೇಬಿನಲ್ಲಿ ಫೋನ್, ಕೀಲಿಕೈ ಇದ್ದರೆ ಮೊದಲು ತೆಗೆಯಿರಿ.
• ಪಟ್ಟಿಯನ್ನು ಕೈಲಾದಷ್ಟು ಎಳೆದು ಬಿಗಿದು, ಆಮೇಲೆ ಕೋಲು ತಿರುಗಿಸಿ. ರಕ್ತ ಪೂರ್ತಿ ನಿಲ್ಲುವವರೆಗೆ ತಿರುಗಿಸಿ, ಕೋಲನ್ನು ಅದರ ಕೊಂಡಿಗೆ ಸಿಕ್ಕಿಸಿ. ಅರ್ಧಂಬರ್ಧ ಬಿಗಿದರೆ ಅಪಾಯ ಇನ್ನೂ ಹೆಚ್ಚು: ಒಳಗೆ ಬರುವ ರಕ್ತ ಬರುತ್ತಲೇ ಇರುತ್ತದೆ, ಮರಳಿ ಹೋಗುವ ದಾರಿ ಮಾತ್ರ ಮುಚ್ಚಿ ಸ್ರಾವ ಜಾಸ್ತಿಯಾಗುತ್ತದೆ.
• ಒಂದರಲ್ಲಿ ನಿಲ್ಲದಿದ್ದರೆ ಅದರ ಮೇಲ್ಭಾಗದಲ್ಲಿ ಇನ್ನೊಂದು ಕಟ್ಟಿ.
• ಕಟ್ಟಿದ ಸಮಯವನ್ನು ಪಟ್ಟಿಯ ಮೇಲೋ ಗಾಯಾಳುವಿನ ಹಣೆಯ ಮೇಲೋ ಪೆನ್ನಿನಲ್ಲಿ ಬರೆಯಿರಿ. ಎರಡು ಗಂಟೆಯವರೆಗೆ ಸಾಮಾನ್ಯವಾಗಿ ಅಂಗಕ್ಕೆ ಶಾಶ್ವತ ಹಾನಿಯಾಗುವುದಿಲ್ಲ.
• ಆಸ್ಪತ್ರೆಯವರೇ ಬಿಚ್ಚಬೇಕು. ಹದಿನೈದು ನಿಮಿಷಕ್ಕೊಮ್ಮೆ ಸಡಿಲಿಸಿ ರಕ್ತ ಆಡಲು ಬಿಡಬೇಕು ಎಂದು ಹಿಂದೆ ಕಲಿಸುತ್ತಿದ್ದರು. ಅದು ತಪ್ಪು. ಸಡಿಲಿಸಿದಾಗಲೆಲ್ಲ ಇನ್ನಷ್ಟು ರಕ್ತ ಹೋಗಿ ಗಾಯಾಳು ಕಂತುಕಂತಾಗಿ ಸಾಯುತ್ತಾನೆ.

ಸಾಧನವಿಲ್ಲದಿದ್ದರೆ? ಮೊದಲು ಒತ್ತುವುದನ್ನೇ ನಂಬಿ. ಅದರಿಂದ ನಿಲ್ಲದಿದ್ದರೆ ನಾಲ್ಕು ಬೆರಳಗಲ ಮಡಿಸಿದ ಟವೆಲ್ ಅಥವಾ ದುಪಟ್ಟಾವನ್ನು ಸುತ್ತಿ ಒಂದು ಗಂಟು ಹಾಕಿ, ಗಂಟಿನ ಮೇಲೆ ಮುರಿಯದಂಥ ಗಟ್ಟಿ ಕೋಲೋ ಸ್ಪ್ಯಾನರೋ ಇಟ್ಟು ಇನ್ನೊಂದು ಗಂಟು ಹಾಕಿ, ತಿರುಗಿಸಿ ಬಿಗಿದು ಕಟ್ಟಿಬಿಡಿ. ಹುರಿ, ತಂತಿ, ಚಾರ್ಜರ್ ವೈರ್ ಬೇಡ. ಅವು ಮಾಂಸ ಕತ್ತರಿಸುತ್ತವೆ, ರಕ್ತ ನಿಲ್ಲಿಸುವುದಿಲ್ಲ. ಸೊಂಟದ ಬೆಲ್ಟನ್ನು ಬೇಕಾದಷ್ಟು ಬಿಗಿಯಲಾಗದು. ತೀರಾ ಎಳೆಯ ಮಕ್ಕಳ ತೋಳಿಗೆ ಟೂರ್ನಿಕೆಟ್ ಕೂರದೆ ಹೋಗಬಹುದು. ಅವರಿಗೆ ಒತ್ತುವುದು, ಬಟ್ಟೆ ತುಂಬುವುದೇ ದಾರಿ.

ಇವನ್ನು ಮಾಡಬೇಡಿ, ಇವನ್ನು ಮರೆಯಬೇಡಿ

ಹಾವು ಕಚ್ಚಿದಾಗ ಟೂರ್ನಿಕೆಟ್ ಕಟ್ಟಲೇಬೇಡಿ. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದೊಡನೆ ಹಗ್ಗ ಬಿಗಿಯುವ ರೂಢಿ ಇನ್ನೂ ಇದೆ. ಅದರಿಂದ ವಿಷ ನಿಲ್ಲುವುದಿಲ್ಲ, ಕಾಲೇ ಹೋಗಬಹುದು. ಈ ಲೇಖನದಲ್ಲಿ ಹೇಳಿದ ಕಟ್ಟು ಹರಿಯುವ ರಕ್ತಕ್ಕೆ ಮಾತ್ರ.

ಗಾಯಕ್ಕೆ ಕಾಫಿ ಪುಡಿ, ಅರಿಶಿನ, ಸುಣ್ಣ, ಮಣ್ಣು ಮೆತ್ತಬೇಡಿ. ಜೋರಾಗಿ ಹರಿಯುವ ರಕ್ತಕ್ಕೆ ಇವು ಯಾವ ಲೆಕ್ಕ? ಕೀವು, ಧನುರ್ವಾಯುವಿಗೆ ದಾರಿಯಾಗುತ್ತದೆ, ಆಸ್ಪತ್ರೆಯಲ್ಲಿ ಗಾಯ ತೊಳೆಯುವುದು ಕಷ್ಟವಾಗುತ್ತದೆ.

ಚುಚ್ಚಿಕೊಂಡ ಕಬ್ಬಿಣ, ಗಾಜು, ಚಾಕು ಏನಿದ್ದರೂ ಕೀಳಬೇಡಿ. ರಕ್ತನಾಳದ ತೂತನ್ನು ಅದೇ ಮುಚ್ಚಿಕೊಂಡಿರಬಹುದು. ಅದು ಅಲುಗಾಡದಂತೆ ಸುತ್ತ ಬಟ್ಟೆ ಇಟ್ಟು ಹಾಗೆಯೇ ಸಾಗಿಸಿ.

ನೀರು, ಕಾಫಿ, ಊಟ ಕೊಡಬೇಡಿ. ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗಬಹುದು. ಬಾಯಾರಿಕೆ ಎಂದರೆ ತುಟಿ ಒದ್ದೆ ಮಾಡಿ, ಸಾಕು.

ಬಿಸಿಲಿದ್ದರೂ ಹೊದಿಸಿ. ರಕ್ತ ಹೋದ ಮೈ ತಣ್ಣಗಾಗುತ್ತದೆ, ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಒದ್ದೆ ಬಟ್ಟೆ ತೆಗೆದು ಕಂಬಳಿ, ಬೆಡ್‌ಶೀಟ್ ಯಾವುದಾದರೂ ಹೊದಿಸಿ. ನೆಲಕ್ಕೂ ಮೈಗೂ ನಡುವೆ ಏನಾದರೂ ಹಾಸಿ.

ಬೆರಳು ಅಥವಾ ಕೈ ತುಂಡಾಗಿದ್ದರೆ ಮೊದಲು ಮನುಷ್ಯನ ರಕ್ತ ನಿಲ್ಲಿಸಿ. ಆಮೇಲೆ ತುಂಡಾದ ಭಾಗವನ್ನು ಚೊಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿಡಿ. ಐಸ್ ನೇರವಾಗಿ ಸೋಕಬಾರದು.

ವಯಸ್ಸಾದವರ ಕಾಲಿನ ಉಬ್ಬಿದ ಅಭಿಧಮನಿ ಬಚ್ಚಲಲ್ಲಿ ತಗುಲಿ ಒಡೆದರೆ ಗಾಬರಿಯಾಗುವಷ್ಟು ರಕ್ತ ಹರಿಯುತ್ತದೆ. ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಜಾಗವನ್ನು ಒತ್ತಿ ಹಿಡಿದರೆ ನಿಲ್ಲುತ್ತದೆ. ಅದಕ್ಕೆ ಟೂರ್ನಿಕೆಟ್ ಬೇಕಿಲ್ಲ.

ಏನೇನು ಹತ್ತಿರವಿರಬೇಕು

ಮಾಮೂಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಹತ್ತಿ, ಡೆಟಾಲ್, ಚಿಕ್ಕ ಬ್ಯಾಂಡ್‌ಏಡ್ ಇರುತ್ತವೆ. ದೊಡ್ಡ ರಕ್ತಸ್ರಾವಕ್ಕೆ ಅವು ನಿರುಪಯೋಗಿ. ಗಾಡಿಯಲ್ಲಿ, ತೋಟದ ಮನೆಯಲ್ಲಿ, ವರ್ಕ್‌ಶಾಪಿನಲ್ಲಿ ಇಷ್ಟು ಇಟ್ಟುಕೊಳ್ಳಿ: ಕೋಲು ತಿರುಗಿಸಿ ಬಿಗಿಯುವ ಮಾದರಿಯ ಟೂರ್ನಿಕೆಟ್ ಒಂದು, ಗಾಜ್ ರೋಲ್ ನಾಲ್ಕಾರು, ಅಗಲವಾದ ಕ್ರೇಪ್ ಬ್ಯಾಂಡೇಜ್ ಎರಡು, ಗ್ಲೌಸ್ ಎರಡು ಜೊತೆ, ಬಟ್ಟೆ ಕತ್ತರಿಸುವ ಗಟ್ಟಿ ಕತ್ತರಿ, ಮಾರ್ಕರ್ ಪೆನ್, ಒಂದು ಹೊದಿಕೆ. ಟೂರ್ನಿಕೆಟ್ ಕೊಳ್ಳುವಾಗ ತೀರಾ ಅಗ್ಗದ ನಕಲಿಗೆ ಮರುಳಾಗಬೇಡಿ. ತಿರುಗಿಸುವಾಗ ಕೋಲು ಬಾಗಿದರೆ, ಪಟ್ಟಿ ಜಾರಿದರೆ ಅದು ಪ್ರಯೋಜನಕ್ಕೆ ಬಾರದು. ರಕ್ತಪರೀಕ್ಷೆಗೆ ತೋಳಿಗೆ ಕಟ್ಟುವ ರಬ್ಬರ್ ಪಟ್ಟಿಯನ್ನೂ ಅಂಗಡಿಯಲ್ಲಿ ಟೂರ್ನಿಕೆಟ್ ಎಂದೇ ಕೊಡುತ್ತಾರೆ, ಅದು ಬೇರೆ. ಪೆಟ್ಟಿಗೆಯನ್ನು ಡಿಕ್ಕಿಯ ತಳದಲ್ಲಿ ಹೂತಿಡದೆ ಕೈಗೆ ಸಿಗುವಂತಿಡಿ.

ಪೊಲೀಸು, ಕೋರ್ಟಿನ ಭಯ ಬೇಡ

ಅಪಘಾತದ ಸ್ಥಳದಲ್ಲಿ ಜನ ಹಿಂದೆ ಸರಿಯುವುದು ಕರುಣೆಯಿಲ್ಲದೆ ಅಲ್ಲ, ನಾಳೆ ಠಾಣೆಗೆ ಅಲೆಯಬೇಕಾದೀತು ಎಂಬ ಅಂಜಿಕೆಯಿಂದ. ಆ ಅಂಜಿಕೆಗೆ ಈಗ ಕಾರಣವಿಲ್ಲ. ನೆರವಾದವರನ್ನು ಕಾಡಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಕಾನೂನಿನ ಬಲ ನೀಡಿತು. ಅದೇ ವರ್ಷ ಕರ್ನಾಟಕ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. 2018ರಲ್ಲಿ ರಾಷ್ಟ್ರಪತಿಯವರ ಅಂಕಿತ ಬಿದ್ದು, ಇಂಥ ಕಾಯ್ದೆ ಪಡೆದ ಮೊದಲ ರಾಜ್ಯ ನಮ್ಮದಾಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ವಿಧಿಯ ಪ್ರಕಾರ, ಸದುದ್ದೇಶದಿಂದ ನೆರವಾದವರ ಮೇಲೆ, ಗಾಯಾಳು ಉಳಿಯದಿದ್ದರೂ, ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ನಿಮ್ಮ ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿದೆ. ಹಣ ಯಾರು ಕಟ್ಟುತ್ತಾರೆ ಎಂಬ ಯೋಚನೆಯಲ್ಲಿ ಸಮಯ ಕಳೆಯದೆ ಸಾಗಿಸಿ.

ಕಲಿಯುವುದು ಎಲ್ಲಿಂದ ಶುರು

ಓದಿದ್ದು ಕೈಗೆ ಬರಬೇಕಾದರೆ ಕೈಯಲ್ಲೇ ಮಾಡಿ ನೋಡಬೇಕು. ಸೇಂಟ್ ಜಾನ್ ಆಂಬುಲೆನ್ಸ್, ಭಾರತೀಯ ರೆಡ್ ಕ್ರಾಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆ ತರಬೇತಿ ನಡೆಸುತ್ತವೆ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೇಳಿದರೆ ರಕ್ತ ನಿಲ್ಲಿಸುವ ತರಬೇತಿಯ ವಿವರವೂ ಸಿಗಬಹುದು. ಅಲ್ಲಿಯವರೆಗೆ ಮನೆಯಲ್ಲೇ ಒತ್ತುವುದನ್ನು ಅಭ್ಯಾಸ ಮಾಡಿ. ದಿಂಬಿಗೆ ಒಂದು ಸೀಳು ಮಾಡಿ ಅದರೊಳಗೆ ಬಟ್ಟೆ ತುಂಬಿ ನೋಡಿ. ಗಡಿಯಾರ ನೋಡುತ್ತ ಹತ್ತು ನಿಮಿಷ ಕೈ ತೆಗೆಯದೆ ಒತ್ತಿ ಹಿಡಿಯಿರಿ. ಅದು ಎಷ್ಟು ದೀರ್ಘ, ಎಷ್ಟು ಬೇಗ ತೋಳು ಸೋಲುತ್ತದೆ ಎಂಬುದು ಆಗಲೇ ತಿಳಿಯುವುದು. ಇಬ್ಬರಿದ್ದರೆ ಕೈ ಬದಲಿಸುವುದು ಹೇಗೆಂದೂ ಗೊತ್ತಾಗುತ್ತದೆ.

ಬಸ್ ಚಾಲಕರು ಮತ್ತು ನಿರ್ವಾಹಕರು, ಆಟೊ ಓಡಿಸುವವರು, ಟೋಲ್ ಗೇಟಿನ ಸಿಬ್ಬಂದಿ, ಶಾಲೆಯ ದೈಹಿಕ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಗರಗಸದ ಮಿಲ್ಲಿನ ಕೆಲಸಗಾರರು, ಹೆದ್ದಾರಿ ಬದಿಯ ಹೋಟೆಲಿನವರು: ದುರ್ಘಟನೆಯ ಜಾಗಕ್ಕೆ ಮೊದಲು ತಲುಪುವವರು ಇವರೇ. ಇವರಿಗೆಲ್ಲ ಅರ್ಧ ದಿನದಲ್ಲಿ ಈ ವಿದ್ಯೆ ಕಲಿಸಬಹುದು. ಗ್ರಾಮ ಪಂಚಾಯಿತಿ, ಶಾಲಾಭಿವೃದ್ಧಿ ಸಮಿತಿ, ಸ್ತ್ರೀಶಕ್ತಿ ಸಂಘ, ಅಪಾರ್ಟ್‌ಮೆಂಟ್ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿ ಒಂದು ತರಬೇತಿ ಗೊತ್ತುಮಾಡಲಿ. ಒಂದು ರೆಜಿಮೆಂಟ್ ತನ್ನ ಪ್ರತಿಯೊಬ್ಬನಿಗೂ ಕಲಿಸಿ ರಣರಂಗದಲ್ಲಿ ತಡೆಯಬಹುದಾದ ಸಾವನ್ನು ಸೊನ್ನೆಗೆ ಇಳಿಸಿತು. ಒಂದು ಊರು ತನ್ನ ರಸ್ತೆ, ಗದ್ದೆ, ಮಿಲ್ಲುಗಳಿಗೆ ಅದೇ ಕೆಲಸ ಮಾಡಬಲ್ಲದು. ಅದಕ್ಕೆ ಬೇಕಾದ ಖರ್ಚು ಕೆಲವು ಟೂರ್ನಿಕೆಟ್, ಒಂದಿಷ್ಟು ಗಾಜ್ ಬಟ್ಟೆ, ಒಬ್ಬ ತರಬೇತುದಾರರ ಅರ್ಧ ದಿನ.